ಜೈಲು ಸುಧಾರಣೆ ವಿಷಯದಲ್ಲಿ ನಡುದಾರಿ ಅನ್ನೋದು ಹೇಡಿತನಾನಾ? ಹಾಸನದಿಂದ ಒಂದು ಪ್ರಶ್ನೆ

ಜೆರಾಕ್ಸ್_ಹಾಸನ ಕೇಳಿದ್ದು:

ಎಲ್ರಿಗೂ ನಮಸ್ಕಾರ. ಹಾಸನದಲ್ಲಿ ಕೋರ್ಟ್ ಹತ್ರ ನನ್ನದೊಂದು ಸಣ್ಣ ಜೆರಾಕ್ಸ್, ಡಿಟಿಪಿ ಅಂಗಡಿ ಇದೆ. ಜೊತೆಗೆ ಅಂಚೆ ಮೂಲಕ ರಾಜ್ಯಶಾಸ್ತ್ರದಲ್ಲಿ ಎಂಎ ಓದ್ತಿದೀನಿ, ಈ ಸಲದ ಪೇಪರಲ್ಲಿ ಟಾಕ್ವಿಲ್ ಅನ್ನೋ ಫ್ರೆಂಚ್ ಚಿಂತಕ ಇದಾನೆ. ಪ್ರಜಾಪ್ರಭುತ್ವದ ಬಗ್ಗೆ ಬರೆದೋನು ಅಂತಷ್ಟೇ ಗೊತ್ತಿತ್ತು, ಆದ್ರೆ ಆತ ಅಮೆರಿಕಕ್ಕೆ ಹೋಗಿದ್ದೇ ಜೈಲು ನೋಡೋಕೆ ಅಂತ ಓದಿ ಆಶ್ಚರ್ಯ ಆಯ್ತು. ಆತನನ್ನ ರಾಜಕೀಯದಲ್ಲಿ ಮಿತವಾದಿ ಅಂತಾರೆ, ಅಂದ್ರೆ ಈ ತುದಿಗೂ ಹೋಗದೆ ಆ ತುದಿಗೂ ಹೋಗದೆ ಇರೋನು.

ನನ್ನ ಪ್ರಶ್ನೆ ಬಂದಿದ್ದು ಪೇಪರಿಂದ ಅಲ್ಲ. ಹೋದ ವಾರ ಟೀ ಅಂಗಡಿ ಹತ್ರ ಮೊಬೈಲಲ್ಲಿ ಒಂದು ಕೊಲೆ ಸುದ್ದಿ ನೋಡ್ಕೊಂಡು ಮಾತು ಶುರುವಾಯ್ತು, ಒಬ್ಬ ಗೆಳೆಯ ಇವರನ್ನೆಲ್ಲ ಅಲ್ಲೇ ಎನ್‌ಕೌಂಟರ್ ಮಾಡ್ಬೇಕು ಅಂದ, ಇನ್ನೊಬ್ಬ ಜೈಲು ಅನ್ನೋದೇ ಬಡವರನ್ನ ತುಂಬೋ ದೊಡ್ಡಿ, ಎಲ್ಲ ಮುಚ್ಚಬೇಕು ಅಂದ. ನಾನು ಶಿಕ್ಷೆ ಇರಲಿ, ಆದ್ರೆ ಅದಕ್ಕೊಂದು ಮಿತಿ ಇರಲಿ, ವಿಚಾರಣೆ ಬೇಗ ಮುಗೀಲಿ ಅಂದೆ. ಇಬ್ರೂ ಸೇರಿ ನನ್ನ ಮೇಲೆ ಬಿದ್ರು, ನೀನು ಯಾವಾಗ್ಲೂ ಅಡ್ಡಗೋಡೆ ಮೇಲೆ ದೀಪ ಇಟ್ಟಂಗೆ ಮಾತಾಡ್ತೀಯ ಅಂತ. ಅವತ್ತಿಂದ ತಲೇಲಿ ಅದೇ ಕೊರೀತಾ ಇದೆ.

ಯಾಕಂದ್ರೆ ನನ್ನ ಅಂಗಡಿಗೆ ದಿನಾ ಬರೋ ಜನಾನ ನಾನು ನೋಡ್ತೀನಿ. ಆಲೂರು ಕಡೆಯಿಂದ ಒಬ್ರು ತಾಯಿ ಬರ್ತಿದಾರೆ, ಮಗನಿಗೆ ಬೇಲ್ ಆಗಿ ಇಪ್ಪತ್ತು ದಿನ ದಾಟಿದೆ, ಹುಡುಗ ಇನ್ನೂ ಒಳಗೇ ಇದಾನೆ. ಶ್ಯೂರಿಟಿ ಕೊಡ್ತೀನಿ ಅಂದಿದ್ದ ನೆಂಟ್ರು ಕೊನೆ ಘಳಿಗೇಲಿ ಬರಲಿಲ್ಲ, ಇವರ ಜಮೀನಿನ ಪಹಣಿ ಇನ್ನೂ ಅಜ್ಜನ ಹೆಸರಲ್ಲೇ ಇದೆ, ಪೌತಿ ಖಾತೆ ಆಗಿಲ್ಲ, ಅಂದ್ರೆ ತೀರಿಹೋದವರ ಜಮೀನು ವಾರಸುದಾರರ ಹೆಸರಿಗೆ ಬಂದಿಲ್ಲ. ಪ್ರತಿ ಸಲ ಅದೇ ಪಹಣೀನ ಜೆರಾಕ್ಸ್ ಮಾಡಿಸ್ಕೊಂಡು ಹೋಗ್ತಾರೆ, ಸಂಜೆ ಹಾಗೇ ವಾಪಸ್ ಬರ್ತಾರೆ. ದುಡ್ಡು ತಗೊಳ್ಳೋಕೆ ಕೈ ಬರಲ್ಲ.

ಈಗ ಹೇಳಿ, ಮಿತವಾದ ಅನ್ನೋದು ನಿಜವಾಗ್ಲೂ ಒಂದು ವಿಚಾರಾನಾ ಅಥವಾ ಜಗಳ ಬೇಡ ಅನ್ನೋರ ಅಭ್ಯಾಸಾನಾ? ಪರೀಕ್ಷೆಗೆ ಉತ್ತರ ಬೇಡ, ಅದು ನೋಟ್ಸಲ್ಲಿದೆ.

---

ಮೇಷ್ಟ್ರು_ಚಿಕ್ಕಮಗಳೂರು ಉತ್ತರ:

ತಮ್ಮಾ, ಮೂವತ್ತು ವರ್ಷ ಇದನ್ನೇ ಪಾಠ ಮಾಡಿ ರಿಟೈರ್ ಆದೋನು ನಾನು, ಸ್ವಲ್ಪ ಉದ್ದ ಆಗುತ್ತೆ, ಸಮಾಧಾನವಾಗಿ ಓದು.

ಮೊದಲು ಟಾಕ್ವಿಲ್ ಯಾವ ಮನೆಯೋನು ಅಂತ ತಿಳ್ಕೋ. ಫ್ರಾನ್ಸಿನ ಕ್ರಾಂತಿ ಕಾಲದಲ್ಲಿ ಅವನ ಅಪ್ಪ ಅಮ್ಮ ಇಬ್ಬರೂ ಜೈಲಲ್ಲಿದ್ರು. ಅಮ್ಮನ ಅಜ್ಜ ಮಾಲ್ಜೆರ್ಬ್ ಅಂತ, ರಾಜನ ಪರವಾಗಿ ವಕಾಲತ್ತು ಮಾಡಿದ್ದಕ್ಕೆ ಮುದಿ ವಯಸ್ಸಲ್ಲಿ 1794ರಲ್ಲಿ ಗಿಲೋಟಿನ್‌ಗೆ ತಲೆ ಕೊಟ್ಟ. ಅಪ್ಪ ಅಮ್ಮ ಉಳಿದಿದ್ದು ಅದೇ ವರ್ಷ ಜುಲೈನಲ್ಲಿ ಕ್ರಾಂತಿಯ ನಾಯಕ ರೋಬ್‌ಸ್ಪಿಯರ್ ಅಧಿಕಾರದಿಂದ ಬಿದ್ದಿದ್ದರಿಂದ. ಜನರ ಹೆಸರಲ್ಲಿ ಅಧಿಕಾರ ಹಿಡಿದೋರು ಜೈಲಿನ ಬೀಗ ಕೈಗೆ ಬಂದಾಗ ಏನು ಮಾಡ್ತಾರೆ ಅನ್ನೋದು ಆ ಮನೇಲಿ ಊಟಕ್ಕೆ ಕೂತಾಗ ಆಡೋ ಮಾತು. ಅಂಥ ಮನೆಯಿಂದ ಬಂದೋನ ಮಿತವಾದಾನ ಹೇಡಿತನ ಅನ್ನೋಕೆ ನನಗಂತೂ ಬಾಯಿ ಬರಲ್ಲ.

1831ರಲ್ಲಿ ಅವನೂ ಅವನ ಗೆಳೆಯ ಬೊಮಾನೂ, ಇಬ್ಬರೂ ಎಳೇ ವಯಸ್ಸಿನ ನ್ಯಾಯಾಂಗದ ಅಧಿಕಾರಿಗಳು, ಅಮೆರಿಕದ ಜೈಲು ನೋಡಿ ಬರ್ತೀವಿ ಅಂತ ಸರ್ಕಾರದ ಒಪ್ಪಿಗೆ ತಗೊಂಡು ಹೊರಟ್ರು. ಒಂಬತ್ತು ತಿಂಗಳು ಸುತ್ತಿದ್ರು. ಆಗ ಅಲ್ಲಿ ಎರಡು ಪದ್ಧತಿಗಳ ಪೈಪೋಟಿ. ನ್ಯೂಯಾರ್ಕಿನ ಆಬರ್ನ್, ಸಿಂಗ್ ಸಿಂಗ್ ಜೈಲುಗಳಲ್ಲಿ ರಾತ್ರಿ ಒಬ್ಬೊಬ್ಬರೇ ಕೋಣೇಲಿ, ಹಗಲು ಎಲ್ಲರೂ ಒಟ್ಟಿಗೆ ಕೆಲಸ, ಆದರೆ ಒಂದು ಮಾತೂ ಆಡೋ ಹಾಗಿಲ್ಲ, ಆಡಿದ್ರೆ ಚಾಟಿ. ಫಿಲಡೆಲ್ಫಿಯಾದಲ್ಲಿ 1829ರಲ್ಲಿ ಶುರುವಾದ ಜೈಲಲ್ಲಿ ಹಗಲೂ ರಾತ್ರಿ ಒಬ್ಬನೇ, ಕೆಲಸವೂ ಕೋಣೆಯೊಳಗೇ. ಟಾಕ್ವಿಲ್ ಅಲ್ಲಿ ಕೈದಿಗಳ ಕೋಣೆಗಳಿಗೇ ಹೋಗಿ ಒಬ್ಬೊಬ್ಬರ ಹತ್ರಾನೂ ಕೂತು ಮಾತಾಡಿಸಿ ಬರ್ಕೊಂಡ. ಆ ಕಾಲಕ್ಕೆ ಕೈದೀನ ಏನಪ್ಪಾ ನಿನಗೆ ಹೇಗಿದೆ ಅಂತ ಯಾರು ಕೇಳ್ತಿದ್ರು?

1833ರಲ್ಲಿ ಇಬ್ಬರೂ ಸೇರಿ ವರದಿ ಕೊಟ್ರು. ಅದರಲ್ಲಿ ಎರಡು ಮಾತು ನನ್ನ ಮನಸ್ಸಲ್ಲಿ ಉಳಿದಿವೆ. ಒಂದು, ಅಮೆರಿಕದ ಸಮಾಜದಲ್ಲಿ ಸ್ವಾತಂತ್ರ್ಯ ಎಲ್ಲಕ್ಕಿಂತ ಜಾಸ್ತಿ, ಆದರೆ ಅದೇ ದೇಶದ ಜೈಲಲ್ಲಿ ಪೂರ್ತಿ ನಿರಂಕುಶ ಆಳ್ವಿಕೆ ಅಂತ. ಇನ್ನೊಂದು, ಜೈಲಿಂದ ಕೈದಿಯ ಆತ್ಮಾನೇ ಬದಲಾಗಿ ಸಜ್ಜನ ಆಗ್ತಾನೆ ಅನ್ನೋದು ಅಪರೂಪ, ಅದನ್ನ ನಂಬಿ ಕೂರಬೇಡಿ, ಆದರೆ ಕೆಲಸ ಮಾಡೋ ಅಭ್ಯಾಸ, ಕಾನೂನಿಗೆ ತಲೆಬಾಗೋ ಅಭ್ಯಾಸ ಇಷ್ಟು ಹಿಡ್ಕೊಂಡು ಹೊರಗೆ ಬಂದ್ರೂ ಸಮಾಜಕ್ಕೆ ಲಾಭವೇ ಅಂತ. ದಯೆ ತೋರಿಸಿದ್ರೆ ಎಲ್ಲರೂ ಬದಲಾಗ್ತಾರೆ ಅನ್ನೋರಿಗೂ ಇದು ಹಿತ ಅಲ್ಲ, ಇವರು ಯಾವತ್ತೂ ಬದಲಾಗಲ್ಲ ಅನ್ನೋರಿಗೂ ಹಿತ ಅಲ್ಲ. ನಿನ್ನ ಇಬ್ಬರು ಗೆಳೆಯರೂ ಅವನ ಮೇಲೂ ಬೀಳ್ತಿದ್ರು.

ಆದರೆ ಅವನು ತಪ್ಪಿದ್ದನ್ನೂ ಹೇಳಲೇಬೇಕು. ಆಬರ್ನ್‌ನಲ್ಲಿ 1821ರ ಹೊತ್ತಿಗೆ ಕೆಲವರನ್ನ ಕೆಲಸವನ್ನೂ ಕೊಡದೆ ಪೂರ್ತಿ ಒಂಟಿಯಾಗಿ ಕೂಡಿಹಾಕಿ ನೋಡಿದ್ರು, ಜನ ಸತ್ತರು, ಹುಚ್ಚರಾದ್ರು, ಕೊನೆಗೆ ಗವರ್ನರೇ ಹಲವರಿಗೆ ಕ್ಷಮೆ ಕೊಟ್ಟು ಬಿಡಬೇಕಾಯ್ತು. ಆ ಒಂಟಿತನ ಮನುಷ್ಯನನ್ನ ಸುಧಾರಿಸಲ್ಲ, ಕೊಲ್ಲುತ್ತೆ ಅಂತ ಇವರೇ ವರದೀಲಿ ಬರೆದ್ರು. ಆದ್ರೂ 1840ರ ದಶಕದಲ್ಲಿ ಫ್ರಾನ್ಸಿನ ಸಂಸತ್ತಿನಲ್ಲಿ ಕೂತಾಗ ಇದೇ ಟಾಕ್ವಿಲ್ ಕೈದಿಗಳನ್ನ ಬೇರೆ ಬೇರೆ ಕೋಣೇಲಿ ಒಬ್ಬೊಬ್ಬರನ್ನೇ ಇಡೋ ಪದ್ಧತಿಯ ಪರ ನಿಂತ, ಕೆಲಸ ಇದ್ರೆ, ಮಾತಾಡ್ಸೋಕೆ ಯಾರಾದ್ರೂ ಬರ್ತಿದ್ರೆ ಸರಿಹೋಗುತ್ತೆ ಅಂತ. ಅಲ್ಜೀರಿಯಾದ ವಿಷಯದಲ್ಲಂತೂ ಫ್ರಾನ್ಸಿನ ಆಕ್ರಮಣಾನೇ ಸಮರ್ಥಿಸಿದ. ಅವನ ಮಿತಿ ತನ್ನವರಿಗೆ ಮಾತ್ರ ಆಯ್ತು, ಅದು ನನಗೆ ಇವತ್ತಿಗೂ ನೋವು ಕೊಡೋ ಸಂಗತಿ.

ಅವನಿಗಿಂತ ಮುಂಚೆಯೇ, 1748ರಲ್ಲಿ ಫ್ರಾನ್ಸಿನದೇ ಇನ್ನೊಬ್ಬ ಚಿಂತಕ ಮಾಂಟೆಸ್ಕ್ಯೂ ಹೇಳಿದ್ದ, ಕಠೋರ ಶಿಕ್ಷೆ ಹೊಂದೋದು ಭಯದ ಮೇಲೆ ನಡೆಯೋ ಆಳ್ವಿಕೆಗೆ ಅಂತ. 1764ರಲ್ಲಿ ಮಿಲಾನಿನ ಬೆಕಾರಿಯಾ, ಇನ್ನೂ ಮೂವತ್ತು ತುಂಬದ ಹುಡುಗ, ಅಪರಾಧ ತಡೆಯೋದು ಶಿಕ್ಷೆಯ ಕ್ರೌರ್ಯ ಅಲ್ಲ, ಶಿಕ್ಷೆ ತಪ್ಪದೇ ಆಗುತ್ತೆ ಅನ್ನೋ ಖಾತ್ರಿ ಅಂದ. ನೀನು ಟೀ ಅಂಗಡೀಲಿ ಹೇಳಿದ್ದೂ ಅದೇ ಅಲ್ವೇನೋ? ಮಿತಿ ಇರಲಿ, ಬೇಗ ಮುಗೀಲಿ. ಇದು ಎರಡು ತುದಿ ಅಳೆದು ಸರಿಯಾಗಿ ಮಧ್ಯಕ್ಕೆ ಹಾಕಿದ ಗೆರೆ ಅಲ್ಲ. ಅಧಿಕಾರ ಯಾರ ಕೈಗೆ ಬಂದ್ರೂ, ಒಳ್ಳೆಯವರ ಕೈಗೆ ಬಂದ್ರೂ, ಅದಕ್ಕೊಂದು ಕಟ್ಟೆ ಬೇಕು ಅನ್ನೋ ವಾದ. ಕಟ್ಟೆ ಎಲ್ಲಕ್ಕಿಂತ ಎತ್ತರ ಇರಬೇಕಾದ್ದು ಹೊರಗಿನವರ ಕಣ್ಣು ಬೀಳದ ಜಾಗದಲ್ಲಿ, ಅಂದ್ರೆ ಜೈಲಲ್ಲಿ.

---

ಅರಸೀಕೆರೆ_ತೆಂಗು ಉತ್ತರ:

ಮೇಷ್ಟ್ರೇ ನಿಮ್ಮ ಓದಿಗೆ ಕೈ ಮುಗೀತೀನಿ, ಆದ್ರೆ ನಂದೂ ಒಂದು ಮಾತು ಕೇಳಿ. ನಮ್ಮ ಚಿಕ್ಕಪ್ಪನ್ನ ಬದುವಿನ ಜಗಳಕ್ಕೆ ಹೊಡೆದು ಸಾಯ್ಸಿದ್ರು. ಏಳು ವರ್ಷ ಆಯ್ತು. ಮೂರು ಜನ ಆರೋಪಿಗಳೂ ಬೇಲ್ ಮೇಲೆ ಹೊರಗಿದಾರೆ, ಬೈಕಲ್ಲಿ ನಮ್ಮ ಮನೆ ಮುಂದೇನೇ ಹೋಗ್ತಾರೆ, ಚಿಕ್ಕಮ್ಮ ಆ ಬೈಕ್ ಸದ್ದು ಕೇಳಿದ್ರೆ ಒಳಗೆ ಎದ್ದು ಹೋಗ್ತಾರೆ. ಪ್ರತಿ ವಾಯಿದೆಗೂ ನಾನು ತೋಟದ ಕೆಲಸ ಬಿಟ್ಟು ಹೋಗ್ತೀನಿ, ಒಂದು ದಿನ ಸಾಕ್ಷಿ ಬರಲ್ಲ, ಒಂದು ದಿನ ವಕೀಲ್ರು ಬರಲ್ಲ, ಒಂದು ದಿನ ಸಾಹೇಬ್ರು ರಜೆ. ಆರೋಪಿಗೆ ಮಿತಿ ಬೇಕು, ಕೈದಿಗೆ ಹಕ್ಕು ಬೇಕು ಸರಿ, ನಮ್ಮ ಕಡೆಗೆ ಯಾರು ಮಾತಾಡ್ತಾರೆ? ಎನ್‌ಕೌಂಟರ್ ಅನ್ನೋ ನಿಮ್ಮ ಗೆಳೆಯ ಕೆಟ್ಟೋನಲ್ಲ ತಮ್ಮಾ, ಅವನಿಗೆ ಕೋರ್ಟ್ ಮೇಲೆ ನಂಬಿಕೆ ಹೋಗಿದೆ ಅಷ್ಟೇ. ನನಗೂ ಹೋಗಿದೆ.

---

ಮಲ್ನಾಡ್_ವಕೀಲೆ ಉತ್ತರ:

ಅರಸೀಕೆರೆ ಅಣ್ಣ, ನಿಮ್ಮ ಚಿಕ್ಕಮ್ಮನ ವಿಷಯ ಓದಿ ಸಂಕಟ ಆಯ್ತು. ನಾನು ಚಿಕ್ಕಮಗಳೂರಲ್ಲಿ ಪ್ರಾಕ್ಟೀಸ್ ಮಾಡ್ತೀನಿ, ಕಾನೂನು ಸೇವಾ ಪ್ರಾಧಿಕಾರದ ಪ್ಯಾನಲ್ಲಲ್ಲೂ ಇದೀನಿ. ಒಂದು ಕೇಸ್ ಹೇಳ್ತೀನಿ, ಹೆಸರು ಊರು ಬೇಡ.

ಮೂಡಿಗೆರೆ ಕಡೆ ಒಂದು ಎಸ್ಟೇಟಲ್ಲಿ ಅಸ್ಸಾಮಿಂದ ಬಂದ ಹುಡುಗ, ಲೈನ್ ಮನೇಲಿ ಇದ್ದೋನು. ಕಣದಲ್ಲಿ ಒಣಗಾಕಿದ್ದ ಮೆಣಸು ಕಳುವಾಯ್ತು ಅಂತ ಕಂಪ್ಲೇಂಟ್, ಇವನನ್ನ ಹಿಡ್ಕೊಂಡು ಹೋದ್ರು. ಎರಡನೇ ತಿಂಗಳಿಗೆ ಬೇಲ್ ಸಿಕ್ತು. ಕಂಡೀಷನ್ ಏನು, ಇಬ್ಬರು ಲೋಕಲ್ ಶ್ಯೂರಿಟಿ. ಇವನಿಗೆ ಇಲ್ಲಿ ಗೊತ್ತಿರೋದು ಯಾರು, ಎಸ್ಟೇಟ್ ರೈಟರ್ರು ಮತ್ತೆ ಜೊತೇಲಿ ಕಾಫಿ ಕೀಳೋರು, ಅವರಲ್ಲಿ ಯಾರ ಹೆಸರಲ್ಲಿ ಪಹಣಿ ಇರುತ್ತೆ? ಬೇಲ್ ಆದ್ಮೇಲೂ ಆರು ತಿಂಗಳು ಒಳಗಿದ್ದ. ನಾನು ಜೈಲ್ ವಿಸಿಟ್‌ಗೆ ಹೋದಾಗ ಸಿಕ್ಕಿದ್ದು, ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಅವನು ಕೇಳಿದ್ದು ಒಂದೇ, ಅಕ್ಕಾ ನನಗೆ ಎಷ್ಟು ವರ್ಷ ಶಿಕ್ಷೆ ಆಗಿದೆ ಅಂತ. ಅವನ ಕೇಸಲ್ಲಿ ವಿಚಾರಣೆ ಶುರುವೇ ಆಗಿರಲಿಲ್ಲ. ಕಂಡೀಷನ್ ಸಡಿಲಿಸಿ ಅಂತ ಅರ್ಜಿ ಹಾಕಿದ್ವಿ, ಸ್ವಂತ ಮುಚ್ಚಳಿಕೆ ಮೇಲೆ ಬಿಟ್ರು.

ಇದು ಹೊಸ ಸಮಸ್ಯೆ ಏನೂ ಅಲ್ಲ. 1978ರಲ್ಲೇ ಮೋತಿರಾಮ್ ಅನ್ನೋ ಗಾರೆ ಕೆಲಸದವರ ಕೇಸಲ್ಲಿ ಹತ್ತು ಸಾವಿರದ ಶ್ಯೂರಿಟಿ ಕೇಳಿದ್ರು, ಅಣ್ಣ ತಮ್ಮ ಮುಂದೆ ಬಂದ್ರೆ ಆಸ್ತಿ ಬೇರೆ ಜಿಲ್ಲೇಲಿದೆ ಅಂತ ತಿರಸ್ಕರಿಸಿದ್ರು, ಸುಪ್ರೀಂ ಕೋರ್ಟಲ್ಲಿ ಜಸ್ಟಿಸ್ ಕೃಷ್ಣ ಅಯ್ಯರ್ ಅದನ್ನ ತಪ್ಪು ಅಂದ್ರು. 1979ರ ಹುಸೈನಾರಾ ಖಾತೂನ್ ಕೇಸಲ್ಲಿ ಬಿಹಾರದ ಜೈಲುಗಳಲ್ಲಿ ತಮ್ಮ ಅಪರಾಧಕ್ಕೆ ಆಗಬಹುದಾಗಿದ್ದ ಗರಿಷ್ಠ ಶಿಕ್ಷೆಗಿಂತ ಜಾಸ್ತಿ ದಿನ ವಿಚಾರಣೆ ಇಲ್ದೇ ಇದ್ದೋರು ಸಿಕ್ಕಿದ್ರು. ಅದಾಗಿ ಇಷ್ಟು ವರ್ಷ ಆದ್ಮೇಲೆ, 2022ರ ಸರ್ಕಾರಿ ಲೆಕ್ಕದಲ್ಲೇ ದೇಶದ ಜೈಲುಗಳಲ್ಲಿ 5.7 ಲಕ್ಷಕ್ಕೂ ಜಾಸ್ತಿ ಜನ, ಅದರಲ್ಲಿ ನೂರಕ್ಕೆ ಸುಮಾರು 76 ಜನ ವಿಚಾರಣಾಧೀನರು, ಅಪರಾಧ ಸಾಬೀತಾಗದೇ ಇರೋರು.

ಅಣ್ಣ, ನಿಮ್ಮ ಏಳು ವರ್ಷಕ್ಕೂ ಈ ಹುಡುಗನ ಆರು ತಿಂಗಳಿಗೂ ಕಾರಣ ಒಂದೇ ಕಣಣ್ಣ. ಕೇಸ್ ಮುಂದಕ್ಕೆ ಹೋಗದೇ ಇರೋದು. ಪಹಣಿ ಇದ್ದೋನು ಹೊರಗೆ ಕಾಯ್ತಾನೆ, ಇಲ್ದೋನು ಒಳಗೆ ಕಾಯ್ತಾನೆ. ನಿಮಗೂ ಒಂದು ವಿಷಯ, ಸರ್ಕಾರಿ ವಕೀಲರ ಜೊತೆಗೆ ಕೊಲೆಯಾದವರ ಮನೆಯವರು ತಮ್ಮ ವಕೀಲರನ್ನೂ ಇಟ್ಕೋಬಹುದು, ಸಾಕ್ಷಿಗಳಿಗೆ ಬೆದರಿಕೆ ಇದ್ರೆ ಬೇಲ್ ರದ್ದು ಮಾಡಿ ಅಂತ ಕೇಳಬಹುದು. ಬೈಕಲ್ಲಿ ಬಂದು ಏನಾದ್ರೂ ಅಂದ್ರೆ ದಿನಾಂಕ ಹಾಕಿ ಬರೆದಿಡಿ.

---

ಸಕಲೇಶಪುರ_ಘಾಟಿ ಉತ್ತರ:

ಮೇಡಂ ಹೇಳಿದ್ದು ಒಪ್ತೀನಿ ಆದ್ರೆ ಮೇಷ್ಟ್ರ ಮಿತವಾದದ ಮೇಲೆ ನನಗೆ ಕೋಪ ಇದೆ, ನೇರವಾಗಿ ಹೇಳ್ತೀನಿ ಬೇಜಾರು ಮಾಡ್ಕೋಬೇಡಿ ಸರ್. ಮಿತವಾದಿಗಳು ಅಂದ್ರೆ ಕಮಿಟಿ ಮಾಡೋರು. 1980ರಲ್ಲಿ ಜೈಲು ಸುಧಾರಣೆಗೆ ಅಂತ ಜಸ್ಟಿಸ್ ಮುಲ್ಲಾ ಕಮಿಟಿ ಆಯ್ತು, 1983ರಲ್ಲಿ ದೊಡ್ಡ ವರದಿ ಬಂತು. ಬ್ರಿಟಿಷರ 1894ರ ಜೈಲು ಕಾಯ್ದೆ ಬದಲಿಗೆ ರಾಜ್ಯಗಳಿಗೆ ಹೊಸ ಮಾದರಿ ಕಾಯ್ದೆ ಕಳ್ಸಿದ್ದು 2023ರಲ್ಲಿ. ನಲವತ್ತು ವರ್ಷ! ಅಷ್ಟರಲ್ಲಿ ಒಳಗೆ ಎಷ್ಟು ಜನ ಮುದುಕರಾದ್ರು?

ಇನ್ನೊಂದು, 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ತೀರ್ಪು ಬಂತಲ್ಲ, ಪತ್ರಕರ್ತೆ ಸುಕನ್ಯಾ ಶಾಂತಾ ಹಾಕಿದ್ದ ಕೇಸು. ಹಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲೇ ಅಡುಗೆ ಕೆಲಸ ಮೇಲ್ಜಾತಿಗೆ, ಗುಡಿಸೋದು ಬಳಿಯೋದು ಕೆಳಜಾತಿಗೆ ಅನ್ನೋ ಅರ್ಥದ ನಿಯಮ ಇತ್ತು, ರಿಜಿಸ್ಟರಲ್ಲಿ ಜಾತಿ ಕಾಲಂ ಇತ್ತು. ಸ್ವಾತಂತ್ರ್ಯ ಬಂದು 77 ವರ್ಷ ಆದ್ಮೇಲೆ ಅದನ್ನ ತೆಗೀರಿ ಅಂತ ಕೋರ್ಟು ಹೇಳಬೇಕಾಯ್ತು. ನಮ್ಮ ಕೇರಿಯೋನು ಕಳ್ಳತನ ಮಾಡಿ ಹೋದ್ರೂ ಮಾಡದೆ ಹೋದ್ರೂ ಒಳಗೆ ಅವನಿಗೆ ಕಾದಿರೋದು ಅದೇ ಪೊರಕೆ. ಇದಕ್ಕೂ ಮಿತವಾಗಿ ಮಾತಾಡಬೇಕಾ ಸರ್?

---

ಮೇಷ್ಟ್ರು_ಚಿಕ್ಕಮಗಳೂರು ಉತ್ತರ:

ಇಲ್ಲ ಮಗಾ, ಇದಕ್ಕೆ ಮಿತವಾಗಿ ಮಾತಾಡಬಾರದು. ನಿನ್ನ ಕೋಪ ಸರಿಯಾಗೇ ಇದೆ, ಮಿತಿ ಬೇಕಿರೋದು ಅಧಿಕಾರಕ್ಕೆ, ಅನ್ಯಾಯ ಕಂಡೋನ ದನಿಗಲ್ಲ. ನಾನು ಮೊದಲು ಬರೆದಾಗ ಇದನ್ನ ಬಿಡಿಸಿ ಹೇಳಲಿಲ್ಲ, ಅದು ನನ್ನ ಕೊರತೆ. ನಿಧಾನ ಮಾಡೋದನ್ನೇ ಮಿತವಾದ ಅಂತ ಹೆಸರಿಟ್ಕೊಂಡು ಕೂತೋರು ಬಹಳ ಜನ ಇದಾರೆ, ಅವರ ಪರ ನಾನು ವಾದಿಸಲ್ಲ.

ಆದರೆ ನಲವತ್ತು ವರ್ಷ ಯಾಕಾಯ್ತು ಅಂತ ಯೋಚನೆ ಮಾಡು. 1951ರ ಪ್ರಜಾಪ್ರತಿನಿಧಿ ಕಾಯ್ದೆ ಪ್ರಕಾರ ಜೈಲಲ್ಲಿರೋರಿಗೆ ವೋಟಿಲ್ಲ, ವಿಚಾರಣಾಧೀನರಿಗೂ ಇಲ್ಲ. ಜೈಲು ರಾಜ್ಯ ಪಟ್ಟಿಯ ವಿಷಯ, ಅಂದ್ರೆ ನಮ್ಮ ಎಂಎಲ್‌ಎಗಳು ಮಾಡಬೇಕಾದ ಕೆಲಸ, ವೋಟಿಲ್ಲದವರ ಕಷ್ಟ ಯಾವ ಎಲೆಕ್ಷನ್ ಭಾಷಣದಲ್ಲಿ ಬರುತ್ತೆ ಹೇಳು. ಬಹುಮತದ ದಬ್ಬಾಳಿಕೆ ಅಂತ ಟಾಕ್ವಿಲ್ ಹೆದರಿದ್ದು ಇಂಥ ಕಡೆ ಕಣ್ಣಿಗೆ ಕಾಣುತ್ತೆ. ಬಹುಮತದ ಸಿಟ್ಟು ಪೂರ್ತಿ ಇವರ ಮೇಲಿರುತ್ತೆ, ಇವರ ಕೈಲಿ ಒಂದು ವೋಟೂ ಇರಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಒಂದು ಸಲ ಹಲವು ವಿರೋಧ ಪಕ್ಷಗಳ ದೊಡ್ಡವರಿಗೆ ಒಟ್ಟಿಗೆ ಜೈಲಿನ ಅನುಭವ ಆಯ್ತು, ಎಮರ್ಜೆನ್ಸೀಲಿ. ನಿಮ್ಮ ಹಾಸನದ ದೇವೇಗೌಡರು, ಜನಸಂಘದ ವಾಜಪೇಯಿ, ಅಡ್ವಾಣಿ, ಇವರನ್ನೆಲ್ಲ ಬೆಂಗಳೂರಿನ ಅದೇ ಸೆಂಟ್ರಲ್ ಜೈಲಲ್ಲಿ ಇಟ್ಟಿದ್ರು, ಈಗ ಫ್ರೀಡಂ ಪಾರ್ಕ್ ಆಗಿದೆಯಲ್ಲ ಅದು. ಅಲ್ಲೇ ನಟಿ ಸ್ನೇಹಲತಾ ರೆಡ್ಡಿ ಇದ್ದರು, ಆಸ್ತಮಾ ಕಾಯಿಲೆ, ಆರೋಗ್ಯ ಪೂರ್ತಿ ಕೆಟ್ಟ ಮೇಲೆ ಪೆರೋಲ್ ಮೇಲೆ ಬಿಟ್ಟರು, 1977ರ ಜನವರೀಲಿ ತೀರಿಕೊಂಡರು. ನಾನಾಗ ಕಾಲೇಜಲ್ಲಿದ್ದೆ. ಆಮೇಲೆ ಒಳಗಿದ್ದೋರೇ ಅಧಿಕಾರಕ್ಕೆ ಬಂದ್ರು. ಇನ್ನು ಜೈಲು ಬದಲಾಗುತ್ತೆ ಅಂತ ನಾವು ಹುಡುಗರೆಲ್ಲ ಪೂರ್ತಿ ನಂಬಿದ್ವಿ. ರಾಜಕೀಯ ಕೈದಿಗಳು ಹೊರಗೆ ಬಂದ್ರು, ಮಿಕ್ಕವರು ಅಲ್ಲೇ ಉಳಿದ್ರು.

ಮುಚ್ಚಿಬಿಡಿ ಅನ್ನೋದಕ್ಕೆ ನನ್ನ ಅಡ್ಡಿ ಇಷ್ಟೇ, ಅರಸೀಕೆರೆಯ ಆ ಚಿಕ್ಕಮ್ಮನಿಗೆ ನಾವೇನು ಹೇಳೋಣ? ಅವರಿಗೂ ಉತ್ತರ ಕೊಡೋ ಸುಧಾರಣೆ ಬೇಕು. ಇಲ್ದಿದ್ರೆ ಆ ಮನೆಯವರೆಲ್ಲ ಎನ್‌ಕೌಂಟರ್ ಕಡೆಗೆ ಹೋಗ್ತಾರೆ, ಹೋದ್ರೆ ಅವರನ್ನ ಬೈಯೋಕಾಗಲ್ಲ.

---

ಅರಸೀಕೆರೆ_ತೆಂಗು ಉತ್ತರ:

ಮೇಡಂ, ನಮ್ಮ ವಕೀಲರನ್ನ ಇಟ್ಕೋಬಹುದು ಅಂತ ಏಳು ವರ್ಷದಲ್ಲಿ ಒಬ್ರೂ ಹೇಳಿರಲಿಲ್ಲ. ಥ್ಯಾಂಕ್ಸ್. ಬೇಲ್ ವಿಷಯದಲ್ಲಿ ನನ್ನ ಮನಸ್ಸು ಇನ್ನೂ ಪೂರ್ತಿ ಒಪ್ಪಲ್ಲ, ಕೊಲೆ ಕೇಸಿಗೂ ಮೆಣಸು ಕದ್ದ ಕೇಸಿಗೂ ವ್ಯತ್ಯಾಸ ಇರಬೇಕು. ಆ ಅಸ್ಸಾಮ್ ಹುಡುಗ ಎಷ್ಟು ವರ್ಷ ಶಿಕ್ಷೆ ಆಗಿದೆ ಅಂತ ಕೇಳಿದ್ದು ಮಾತ್ರ ರಾತ್ರಿಯೆಲ್ಲ ನೆನಪಾಗ್ತಿತ್ತು. ನಮ್ಮ ತೋಟಕ್ಕೂ ಕಾಯಿ ಸುಲಿಯೋಕೆ ಹೊರಗಿನ ಹುಡುಗ್ರು ಬರ್ತಾರೆ.

---

ಮಲ್ನಾಡ್_ವಕೀಲೆ ಉತ್ತರ:

ವ್ಯತ್ಯಾಸ ಕಾನೂನಲ್ಲೂ ಇದೆ ಅಣ್ಣ. 2024ರ ಜುಲೈ 1ರಿಂದ ಬಂದಿರೋ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ನೋಡಿ, ಹಿಂದೆ ಯಾವ ಕೇಸಲ್ಲೂ ಅಪರಾಧಿ ಅಂತ ತೀರ್ಪಾಗದೇ ಇರೋನು ಈಗಿನ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ರೆ ಬಿಡಬೇಕು, ಉಳಿದವರಿಗೆ ಅರ್ಧ. ಮರಣದಂಡನೆ, ಜೀವಾವಧಿ ಶಿಕ್ಷೆ ಆಗಬಹುದಾದ ಕೇಸಿಗೆ ಇದು ಅನ್ವಯ ಆಗಲ್ಲ, ಮೇಲೆ ಬೇರೆ ಕೇಸೂ ಬಾಕಿ ಇದ್ರೆ ಸಿಗಲ್ಲ. ಅರ್ಜಿ ಹಾಕೋ ಜವಾಬ್ದಾರಿ ಜೈಲ್ ಸೂಪರಿಂಟೆಂಡೆಂಟ್ ಮೇಲೇ ಇದೆ. ಮೇಷ್ಟ್ರು ಹೇಳಿದ ಕಟ್ಟೆ ಅಂದ್ರೆ ಇಂಥದ್ದು ಅಂತ ನಾನು ಅಂದ್ಕೊಂಡಿದೀನಿ. ಕಾಗದದ ಮೇಲಿದೆ, ಎಣಿಸಿ ಅರ್ಜಿ ಹಾಕೋರು ಬೇಕು.

---

ಜೆರಾಕ್ಸ್_ಹಾಸನ ಉತ್ತರ:

ಎಲ್ಲಾ ಎರಡೆರಡು ಸಲ ಓದಿದೆ. ಸಕಲೇಶಪುರದ ಅಣ್ಣನ ಕೋಪವೂ ಅರಸೀಕೆರೆ ಅಣ್ಣನ ದುಃಖವೂ ಎರಡೂ ನಿಜ ಅನ್ಸುತ್ತೆ, ಇನ್ಮೇಲೆ ಯಾರಾದ್ರೂ ಅಡ್ಡಗೋಡೆ ಅಂದ್ರೆ ಅನ್ನಲಿ. ಮೇಡಂ ಒಂದು ಪ್ರಶ್ನೆ, ಆಲೂರಿನ ಆ ತಾಯಿ ಇವತ್ತೂ ಬಂದಿದ್ರು. ಪೌತಿ ಖಾತೆ ಆಗೋಕೆ ತಿಂಗಳುಗಟ್ಟಲೆ ಹಿಡಿಯುತ್ತಂತೆ. ಈಗ 23 ದಿನ ಆಯ್ತು. ಅವರನ್ನ ಎಲ್ಲಿಗೆ ಕಳಿಸಲಿ?

---

ಮಲ್ನಾಡ್_ವಕೀಲೆ ಉತ್ತರ:

ಪೌತಿ ಖಾತೆಗೆ ಕಾಯೋದು ಬೇಡ. ನಿಮ್ಮ ಹಾಸನದ ಕೋರ್ಟಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಆಫೀಸ್ ಇದೆ, ನೇರ ಅಲ್ಲಿಗೆ ಕರ್ಕೊಂಡು ಹೋಗಿ. ಕಸ್ಟಡೀಲಿ ಇರೋರಿಗೆ ಆದಾಯ ಎಷ್ಟೇ ಇದ್ರೂ ಉಚಿತ ವಕೀಲರು ಸಿಗ್ತಾರೆ, ಅದು 1987ರ ಕಾಯ್ದೇಲೇ ಇದೆ. 2023ರ ಜನವರಿ 31ರ ಸುಪ್ರೀಂ ಕೋರ್ಟ್ ಆದೇಶ ಇದೆ, ಬೇಲ್ ಆಗಿ ಏಳು ದಿನದಲ್ಲಿ ಬಿಡುಗಡೆ ಆಗದಿದ್ರೆ ಜೈಲಿನವರು ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು, ಒಂದು ತಿಂಗಳಾದ್ರೂ ಶ್ಯೂರಿಟಿ ಕೊಡೋಕಾಗಿಲ್ಲ ಅಂದ್ರೆ ಕಂಡೀಷನ್ ಸಡಿಲಿಸಬಹುದಾ ಅಂತ ಕೋರ್ಟೇ ನೋಡಬಹುದು. ಅರ್ಜಿ ಹಾಕೋಕೆ ಅಷ್ಟು ದಿನ ಕಾಯಬೇಕಿಲ್ಲ. ಬೇಲ್ ಆದೇಶದ ಕಾಪಿ, ಎಫ್‌ಐಆರ್ ಕಾಪಿ, ತಾಯಿಯ ಆಧಾರ್, ರೇಷನ್ ಕಾರ್ಡ್, ಆ ಹಳೇ ಪಹಣೀನೂ ಇರಲಿ, ಎಲ್ಲದರದ್ದೂ ಎರಡೆರಡು ಜೆರಾಕ್ಸ್ ನೀವೇ ತೆಗೆದು ಕೊಟ್ಬಿಡಿ. ಆಫೀಸಲ್ಲಿ ಯಾರೂ ಸಿಗದಿದ್ರೆ ಕಾನೂನು ನೆರವಿನ ಸಹಾಯವಾಣಿ 15100ಗೆ ಫೋನ್ ಮಾಡಿ. ನಾಳೆ ಬೆಳಿಗ್ಗೆ ಹತ್ತೂವರೆ ಒಳಗೆ ಹೋಗಿ, ಆಮೇಲೆ ಎಲ್ರೂ ಕೋರ್ಟ್ ಹಾಲಲ್ಲಿರ್ತಾರೆ.

---

ಜೆರಾಕ್ಸ್_ಹಾಸನ ಉತ್ತರ:

ಆಯ್ತು ಮೇಡಂ. ಅವರ ಫೋನಿಗೆ ಹೇಳಿದೀನಿ, ಆಲೂರಿಂದ ಮೊದಲನೇ ಬಸ್ಸಿಗೆ ಬರ್ತಾರಂತೆ. ಅಂಗಡಿ ತಮ್ಮನಿಗೆ ಬಿಟ್ಟು ನಾನೂ ಜೊತೇಲಿ ಹೋಗ್ತೀನಿ.